ಹತ್ತೊಂಬತ್ತರ ಡಬ್ಬಿ

ನಟ್ಟು ಬಿಗಿಯಾಗಿತ್ತು. ಆದರೆ ಅದರಡಿಯ ವಾಷರು ತಿರುಗುತ್ತಿತ್ತು.

ದುಫಿಯೆ ಅದನ್ನು ಬೆರಳ ತುದಿಯಿಂದ ಇನ್ನೊಮ್ಮೆ ತಳ್ಳಿ ನೋಡಿದಳು. ಮಗುವಿನ ಕೈಗೆ ದೊಡ್ಡದಾದ ಬಳೆಯ ಹಾಗೆ ಸುಮ್ಮನೆ ಸುತ್ತಿತು. ಆಂಪ್ಲಿಫೈಯರಿನ ಭಾರದ ಟ್ರಾನ್ಸ್‌ಫಾರ್ಮರನ್ನು ತಗಡಿನ ಪೆಟ್ಟಿಗೆಗೆ ಕೂರಿಸಲು ನಡುವೆ ಒಂದೇ ಬೋಲ್ಟು. ಅದಕ್ಕೆ ಹಾಕಿದ ನಟ್ಟು ಮೂರು ಸುತ್ತು ಸಲೀಸಾಗಿ ಇಳಿದು ನಿಂತುಬಿಟ್ಟಿತ್ತು. ಸ್ಪ್ಯಾನರಿಗೂ ಅಲುಗುತ್ತಿರಲಿಲ್ಲ. ಬಿಗಿಯಾಯಿತು ಎಂದು ಕೈ ಒರೆಸಿಕೊಂಡು ಏಳಬಹುದಿತ್ತು. ಆದರೆ ಬಿಗಿಯಾದ ನಟ್ಟಿನ ಕೆಳಗೆ ವಾಷರು ತಿರುಗಬಾರದು.

ಶನಿವಾರ ಬೆಳಗಿನ ಹತ್ತು ಗಂಟೆ. ಹೊರಗೆ ಕುಮಾಸಿ ಪಟ್ಟಣದ ಸುವಾಮೆ ಪೇಟೆಯ ಗ್ಯಾರೇಜುಗಳ ಸುತ್ತಿಗೆಗಳು ಎಂದಿನಂತೆ ಕುಟ್ಟುತ್ತಿದ್ದವು. ಶೆಡ್ಡಿನಲ್ಲಿ ಅವಳೊಬ್ಬಳೇ. ಗಂಡ ಸಾರ್ಪೊಂಗ್ ಬೆಳಕು ಹರಿಯುವ ಮೊದಲೇ ತಾಫೊಗೆ ಹೋಗಿದ್ದ. ಅಲ್ಲೊಂದು ದೊಡ್ಡ ಮನೆತನದ ಸಾವಿನ ಕಾರ್ಯ, ಸ್ಪೀಕರುಗಳೆಲ್ಲ ಅವನವೇ. ಮಗಳು ಫ್ರೇಮಾನೂ ಅಲ್ಲೇ. ಹನ್ನೊಂದು ವರ್ಷದ ಹುಡುಗಿ. ಸಾವಿನ ಮನೆಯಲ್ಲಿ ಅಡೊವಾ ಕುಣಿಯುವ ಮೇಳದಲ್ಲಿ ಈ ಸಲ ಮೊದಲ ಸಾಲು ಸಿಕ್ಕಿತ್ತು. ಬೆಳಿಗ್ಗೆ ದುಫಿಯೆಯೇ ಅವಳಿಗೆ ಕಪ್ಪು ಬಟ್ಟೆ ಸುತ್ತಿ, ಜಾರದಂತೆ ಪಿನ್ನು ಹಾಕಿ, ಅರ್ಧ ಲೋಟ ಗಂಜಿ ಕುಡಿಸಿ ಕಳಿಸಿದ್ದಳು.

ನಟ್ಟನ್ನು ಹಿಂದಕ್ಕೆ ತಿರುಗಿಸಿದಳು. ಅದು ಕಿರುಗುಟ್ಟುತ್ತ ಬಂತು. ಜೊತೆಗೆ ಕೂದಲಿನಷ್ಟು ತೆಳುವಾದ ಒಂದು ಉಕ್ಕಿನ ಸುರುಳಿಯೂ ಬಂತು. ನಟ್ಟನ್ನು ಹಿಡಿದಿಡಬೇಕಾದ ಬೋಲ್ಟಿನ ಎಳೆಯೇ ಕಿತ್ತಿತ್ತು.

ಕ್ಯಾಲಿಪರ್ ಹಿಡಿದು ಅಳೆದಳು. ಬೋಲ್ಟು ಹನ್ನೆರಡು ಮಿಲಿಮೀಟರು, ಹೊಚ್ಚ ಹೊಸದು. ನಟ್ಟನ್ನು ಮೂಲೆಯಲ್ಲಿ ಬಿದ್ದಿದ್ದ ಹಳೇ ಅಮೆರಿಕನ್ ಲಾರಿಯ ಅರ್ಧ ಇಂಚಿನ ಬೋಲ್ಟಿಗೆ ಹಾಕಿ ನೋಡಿದಳು. ಬೆಣ್ಣೆಯಲ್ಲಿ ಇಳಿದಂತೆ ಕೊನೆಯವರೆಗೂ ಇಳಿಯಿತು. ನಟ್ಟು ಅರ್ಧ ಇಂಚಿನದು, ಹನ್ನೆರಡು ಮಿಲಿಮೀಟರಿಗಿಂತ ಚೂರು ದೊಡ್ಡದು.

ಸುವಾಮೆಯಲ್ಲಿ ನಟ್ಟಿನ ತೂತು ಅಳೆಯುವವರು ಯಾರೂ ಇಲ್ಲ. ಯಾವ ಸ್ಪ್ಯಾನರಿಗೆ ತಲೆ ಕೂರುತ್ತದೋ ಆ ಡಬ್ಬಿಗೆ ಹಾಕುತ್ತಾರೆ. ಜಪಾನಿನ ವ್ಯಾನು ಬಿಚ್ಚಿದರೂ ಸರಿ, ಅಮೆರಿಕದ ಲಾರಿ ಬಿಚ್ಚಿದರೂ ಸರಿ, ಹತ್ತೊಂಬತ್ತು ಮಿಲಿಮೀಟರಿನ ಸ್ಪ್ಯಾನರಿಗೆ ಸಿಕ್ಕಿದ್ದೆಲ್ಲ ಹತ್ತೊಂಬತ್ತರ ಡಬ್ಬಿಗೆ. ಹನ್ನೆರಡು ಮಿಲಿಮೀಟರಿನ ನಟ್ಟಿಗೆ ಹತ್ತೊಂಬತ್ತರ ತಲೆ. ಅರ್ಧ ಇಂಚಿನ ನಟ್ಟಿನ ತಲೆ ಮುಕ್ಕಾಲು ಇಂಚು. ಅದೂ ಹೆಚ್ಚುಕಡಿಮೆ ಹತ್ತೊಂಬತ್ತೇ, ಒಂದು ಕೂದಲು ಜಾಸ್ತಿ. ಮೇಲಾಗಿ ಅಲ್ಲಿನ ಮಿಸ್ತ್ರಿಗಳಿಗೆ ಬೋಲ್ಟು ಹೊಸದಿದ್ದರೂ ನಟ್ಟು ಹಳೆಯದೇ ಆಗಬೇಕು. ಹಳೇ ಲಾರಿಯ ಕಬ್ಬಿಣ ಈಗಿನ ಕಬ್ಬಿಣಕ್ಕಿಂತ ಗಟ್ಟಿ ಎಂಬುದು ಅವರ ನಂಬಿಕೆ. ಹಾಕುವಾಗ ನಟ್ಟು ಹಟ ಮಾಡಿದರಂತೂ ಅವರಿಗೆ ಇನ್ನೂ ಖುಷಿ.

ಈ ತಪ್ಪಿನ ಗುಣ ದುಫಿಯೆಗೆ ಗೊತ್ತಿತ್ತು. ತಂತಿ, ಸರ್ಕ್ಯೂಟ್ ಬೋರ್ಡು, ಬೆಸುಗೆ ಅವಳ ಪಾಲಿನ ಕೆಲಸ. ಮರ, ಕಬ್ಬಿಣ ಗಂಡನದು. ಮೊದಮೊದಲು ಅವಳೇ ಬರೆದ ಒಂದು ಬೋರ್ಡಿನಲ್ಲಿ ನಲವತ್ತು ಕಾಲಿನ ಕನೆಕ್ಟರಿಗೆ ಎರಡೂವರೆ ಮಿಲಿಮೀಟರಿಗೊಂದರಂತೆ ತೂತು ಹಾಕಿದ್ದಳು. ಕಾಲುಗಳಿದ್ದದ್ದು ಇಂಚಿನ ಹತ್ತನೇ ಒಂದು ಪಾಲಿಗೊಂದು. ಮೊದಲ ಆರೇಳು ಕಾಲು ಸುಖವಾಗಿ ಇಳಿದಿದ್ದವು. ಕೊನೆಯ ಕಾಲಿನ ಹೊತ್ತಿಗೆ ತೂತು ಒಂದು ಕಡೆ, ಕಾಲು ಇನ್ನೊಂದು ಕಡೆ. ಶುರುವಿನಲ್ಲಿ ಎಲ್ಲವೂ ಸರಿ ಎಂದು ನಂಬಿಸುವ ತಪ್ಪು ಅದು. ಆಗ ಸಾರ್ಪೊಂಗ್ ನಕ್ಕಿದ್ದ.

ಅವಳು ತಟ್ಟನೆ ನಟ್ಟಿನ ಡಬ್ಬಿಯ ಕಡೆ ತಿರುಗಿದಳು. ನಿನ್ನೆ ಸಂಜೆ ಇದೇ ಡಬ್ಬಿಯಿಂದ ಅವನು ಎಂಟು ನಟ್ಟು ಎಣಿಸಿ ಜೇಬಿಗೆ ಹಾಕಿಕೊಂಡಿದ್ದ. ತೊಂಬತ್ತು ಕಿಲೋದ ಎರಡು ಸ್ಪೀಕರ್ ಪೆಟ್ಟಿಗೆಗಳು, ಒಂದೊಂದಕ್ಕೆ ನಾಲ್ಕು. ನೆಲದಲ್ಲಿಟ್ಟರೆ ಜನರ ಮೈಯೇ ಸದ್ದನ್ನು ಹೀರಿಬಿಡುತ್ತದೆ ಎಂದು ಅವನ್ನು ಕಬ್ಬಿಣದ ಚೌಕಟ್ಟಿಗೆ ತೂಗುಹಾಕುತ್ತಿದ್ದ. ಕುಣಿಯುವವರ ತಲೆಯ ಮೇಲೆ.

ಫೋನು ಮಾಡಿದಳು. ಮೂರು ಸಲ ಪೂರ್ತಿ ಬಾರಿಸಿ ನಿಂತಿತು. ಅವಳೇ ಕಟ್ಟಿದ ಆಂಪ್ಲಿಫೈಯರುಗಳ ಮುಂದೆ ನಿಂತವನಿಗೆ ಕೇಳುವುದಾದರೂ ಹೇಗೆ?

ತಾಫೊದ ಸಾವಿನ ಮನೆಗೆ ಜನ ತುಂಬಿಕೊಳ್ಳುತ್ತಿದ್ದ ಟ್ರೋಟ್ರೋ ವ್ಯಾನು ಇನ್ನೂ ಇಬ್ಬರಿಗಾಗಿ ಕಾಯುತ್ತಿತ್ತು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್ ಅವಳ ಕೈ ನೋಡಿದ. "ಏನಾಂಟೀ, ಸ್ಪ್ಯಾನರ್ ಹಿಡ್ಕೊಂಡು ಸಾವಿಗೆ ಹೊರಟಿದ್ದೀರಾ? ಹೆಣದ ಪೆಟ್ಟಿಗೆ ಬಿಚ್ಚೋಕಾ?"

ವ್ಯಾನಿನ ತುಂಬ ನಗು. ತನ್ನ ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಮುಷ್ಟಿಯಲ್ಲಿ ಆ ನಟ್ಟು, ಬೋಲ್ಟು ಇವೆಯೆಂದು ಆಗಲೇ ಅವಳಿಗೆ ಗೊತ್ತಾದದ್ದು.

"ಆ ಎರಡು ಸೀಟೂ ನಂದೇ ಅಂದ್ಕೋ ತಮ್ಮಾ," ಎಂದಳು. "ಹೊರಡು, ನಿನ್ನ ದಮ್ಮಯ್ಯ."

ಅವನು ನಗು ನಿಲ್ಲಿಸಿ ವ್ಯಾನಿನ ಬದಿಗೆ ಎರಡು ಸಲ ಬಡಿದ.

ತಾಫೊದ ತಿರುವಿನಲ್ಲೇ ಆ ಸದ್ದು ಎದೆಗೆ ತಾಗಿತು. ಗುಡುಗು ಮಣ್ಣಿನೊಳಗಿಂದ ಬಂದಂತೆ. ಬೇರೆ ದಿನವಾಗಿದ್ದರೆ ಅವಳಿಗೆ ಹೆಮ್ಮೆಯೆನಿಸುತ್ತಿತ್ತು. ಇಂದು ಒಂದೊಂದು ಬಡಿತಕ್ಕೂ ಒಂದೊಂದು ಎಳೆ ಸವೆಯುವುದು ಕಾಣುತ್ತಿತ್ತು. ಬೈಲಿನ ತುಂಬ ಕಪ್ಪು, ಕೆಂಪು ಬಟ್ಟೆಯ ಜನ. ಬಾಗಿಲ ಪಕ್ಕದ ಪೆಟ್ಟಿಗೆಯ ನೇರ ಕೆಳಗೆ ಹುಡುಗಿಯರ ಮೇಳ. ಮೊದಲ ಸಾಲಿನಲ್ಲಿ ಫ್ರೇಮಾ, ಅಂಗೈ ಮೇಲೆ ಮಾಡಿ, ತುಟಿ ಬಿಗಿಹಿಡಿದು, ಹೆಜ್ಜೆ ಎಣಿಸುತ್ತ ಕುಣಿಯುತ್ತಿದ್ದಳು.

ಸಾರ್ಪೊಂಗ್ ಚೌಕಟ್ಟಿನ ಬುಡದಲ್ಲೇ ಸಿಕ್ಕಿದ. ಅವಳು ಅವನ ಕಿವಿಗೆ ಬಾಯಿಟ್ಟು ಕೂಗಿದಳು. "ಫ್ರೇಮಾನ ಅಪ್ಪಾ, ಪೆಟ್ಟಿಗೆ ಇಳಿಸು. ಈಗ್ಲೇ."

"ಹುಚ್ಚು ಹಿಡೀತೇನೇ?"

"ನಟ್ಟು ಅರ್ಧ ಇಂಚಿಂದು, ಬೋಲ್ಟು ಹನ್ನೆರಡರದ್ದು. ನೋಡಿಲ್ಲಿ, ಎಳೆ ಕಿತ್ತಿದೆ."

ಅವನು ನಟ್ಟನ್ನು ನೋಡಲೇ ಇಲ್ಲ. "ಹತ್ತೊಂಬತ್ತರದ್ದು ಕಣೇ ಅದು. ಮೈಬಲ ಹಾಕಿ ಬಿಗಿದಿದೀನಿ, ಜೋತುಬಿದ್ದೂ ನೋಡಿದೀನಿ. ಎಂಟೂ ತಪ್ಪು ಅಂತೀಯಾ?"

"ಎಷ್ಟು ತಪ್ಪೋ ಗೊತ್ತಿಲ್ಲ. ಅದಕ್ಕೇ ಭಯ."

"ಊರ ಮುಖ್ಯಸ್ಥರು ಬರೋ ಹೊತ್ತು. ಈಗ ಸದ್ದು ನಿಲ್ಸಿದ್ರೆ ನಾಳೆಯಿಂದ ಕುಮಾಸಿಲಿ ಒಂದು ಹೆಣಾನೂ ನಮ್ಮನ್ನ ಕರೆಯಲ್ಲ. ಕೂದಲು ಸೀಳೋದು ನಿನ್ನ ಬೋರ್ಡಲ್ಲಿಟ್ಕೋ. ಇದು ಕಬ್ಬಿಣ."

ಅವನೊಡನೆ ವಾದಕ್ಕೆ ನಿಂತರೆ ಹೊತ್ತು ಹೋಗುತ್ತದೆ. ಮೇಳವನ್ನು ನಡೆಸುತ್ತಿದ್ದ ಮುದುಕಿ ಕೊನಾಡು, ಎಲ್ಲರ ಬಾಯಲ್ಲಿ ‘ನಾನಾ’, ಎಂದರೆ ಅಜ್ಜಿ, ಡೋಲಿನವನ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ದುಫಿಯೆ ಅವಳ ಮುಂದೆ ಮಂಡಿಯೂರಿ ಕಿವಿಯ ಬಳಿ ಕೂಗಿದಳು.

"ನಾನಾ, ಮಕ್ಕಳನ್ನ ಆಚೆ ಕರ್ಕೊಳ್ಳಿ. ಮೇಲಿರೋದು ಬೀಳ್ಬಹುದು."

"ಬೀಳುತ್ತಾ?"

"ಗೊತ್ತಿಲ್ಲ ನಾನಾ."

ಮುದುಕಿ ಅವಳ ಮುಖವನ್ನೇ ನೋಡಿದಳು. "ಆರು ಹೆತ್ತವಳು ನಾನು. ಈ ಮುಖ ಗೊತ್ತು ನಂಗೆ," ಎಂದು ಎದ್ದಳು. ಡೋಲಿನವನ ಬೆನ್ನಿಗೆ ಕೋಲಿನಿಂದ ತಿವಿದಳು. "ಏಳೋ ಸೋಮಾರಿ. ಡೋಲೆತ್ತು. ಬಾರಿಸ್ತಾನೇ ನಡಿ, ಮಾವಿನ ಮರದ ಹತ್ರಕ್ಕೆ."

ಅಡೊವಾ ಕುಣಿಯುವವರಿಗೆ ಯಾರೂ ಜಾಗ ಹೇಳಬೇಕಿಲ್ಲ, ಡೋಲು ಹೋದಲ್ಲಿಗೆ ಹೆಜ್ಜೆ ಹೋಗುತ್ತದೆ. ಡೋಲು ಜನರ ನಡುವೆ ದಾರಿ ಮಾಡಿಕೊಂಡು ಸರಿಯಿತು. ಹುಡುಗಿಯರು ಲಯ ತಪ್ಪದೆ ಹಿಂದೆಯೇ ಸರಿದರು. ಫ್ರೇಮಾ ಕೊನೆಗೆ ಹೊರಬಂದಳು. ಪೆಟ್ಟಿಗೆಯ ಕೆಳಗೆ ಉಳಿದದ್ದು ತುಳಿದ ಮಣ್ಣು ಮಾತ್ರ.

ಆದರೆ ಸಾರ್ಪೊಂಗನ ಮಾನ ಹೋಗಿತ್ತು. ಎಲ್ಲರೂ ನೋಡುತ್ತಿದ್ದಾರೆ. ಅವನು ಏಣಿ ಎಳೆದು ನಿಲ್ಲಿಸಿ, ಸ್ಪ್ಯಾನರು ಹಿಡಿದು ಹತ್ತಿದ.

"ಬೇಡ! ಅದನ್ನ ಮುಟ್ಟಬೇಡ!" ಅವಳ ಕೂಗು ಗುಡುಗಿನಲ್ಲಿ ಮುಳುಗಿತು.

ಅವನು ಮೇಲಿನಿಂದ ನಕ್ಕು ಮೊದಲ ನಟ್ಟಿಗೆ ಸ್ಪ್ಯಾನರು ಹಾಕಿ ಎಳೆದು ತೋರಿಸಿದ. ಕಲ್ಲಿನ ಹಾಗೆ ಗಟ್ಟಿ. ಎರಡನೆಯದೂ ಗಟ್ಟಿ. ಮೂರನೆಯದಕ್ಕೆ ಕೈಯಿಟ್ಟ. ಅದು ತಿರುಗಿತು. ಕಾಲು ಸುತ್ತು, ಅರ್ಧ ಸುತ್ತು, ನೀರಿನಲ್ಲಿ ಕಡ್ಡಿ ಆಡಿಸಿದಷ್ಟು ಹಗುರವಾಗಿ. ಅವನ ಮುಖದ ನಗು ಹೋಗಲು ಮರೆತು ಹಾಗೇ ಉಳಿಯಿತು. ಸ್ಪ್ಯಾನರು ಕೈಬಿಟ್ಟು ಪೆಟ್ಟಿಗೆಯ ಅಡಿಗೆ ಭುಜ ಕೊಟ್ಟ.

ದುಫಿಯೆ ಆಂಪ್ಲಿಫೈಯರುಗಳ ಕಡೆಗೆ ಓಡಿ ಕರೆಂಟಿನ ವಯರನ್ನೇ ಕಿತ್ತಳು.

ಸದ್ದು ಸತ್ತಿತು. ಆ ನಿಶ್ಶಬ್ದದಲ್ಲಿ ನಟ್ಟೊಂದು ಏಣಿಯ ಮೆಟ್ಟಿಲಿಗೆ ಬಡಿದು, ಇನ್ನೊಂದು ಮೆಟ್ಟಿಲಿಗೆ ಬಡಿದು, ಮಣ್ಣಿಗೆ ಬಿತ್ತು.

"ಹಾರು!" ಎಂದಳು. ಈಗ ಅವಳ ಮಾತು ಇಡೀ ಬೈಲಿಗೆ ಕೇಳಿಸಿತು. "ಭುಜ ತೆಗಿ, ಹಾರು!"

ಅವನು ಹಾರಿದ. ಪೆಟ್ಟಿಗೆ ಮೊದಲು ಒಂದು ಮೂಲೆಗೆ ವಾಲಿತು, ಯೋಚಿಸುವಂತೆ ಅರೆಗಳಿಗೆ ನಿಂತಿತು, ಆಮೇಲೆ ಏಣಿಯನ್ನೂ ಮುರಿದುಕೊಂಡು ಬಿತ್ತು. ಹದಿನೆಂಟು ಇಂಚಿನ ಸ್ಪೀಕರು ಪೆಟ್ಟಿಗೆಯಿಂದ ಕಿತ್ತುಬಂದು, ಹುಡುಗಿಯರು ತುಳಿದಿದ್ದ ಮಣ್ಣಿನಲ್ಲಿ ಹೂತುಕೊಂಡಿತು.

ಎಲ್ಲರ ಕಣ್ಣೂ ಇನ್ನೊಂದು ಪೆಟ್ಟಿಗೆಯ ಕಡೆಗೆ ಹೋಯಿತು. ಅದರ ಕೆಳಗಿದ್ದವರು ಕುರ್ಚಿ ಬಿಟ್ಟು ಎದ್ದರು. ನಾನಾ ಕೊನಾಡು ಮತ್ತೆ ಕೋಲೆತ್ತಿದಳು. ಡೋಲು ರಸ್ತೆಗಿಳಿಯಿತು, ಅದರ ಹಿಂದೆ ಇಡೀ ಸಾವಿನ ಮನೆ.

ಖಾಲಿ ಬೈಲಿನ ಅಂಚಿನಲ್ಲಿ ಸಾರ್ಪೊಂಗ್ ಕೂತಿದ್ದ. ಎಡ ಮಣಿಕಟ್ಟು ಬ್ರೆಡ್ಡಿನ ಹಾಗೆ ಊದುತ್ತಿತ್ತು. ದುಫಿಯೆ ತಲೆವಸ್ತ್ರ ಬಿಚ್ಚಿ ಅದನ್ನು ಕಟ್ಟಿದಳು. ಫ್ರೇಮಾ ಅವಳಿಗೆ ಅಂಟಿಕೊಂಡು ನಿಂತಿದ್ದಳು, ಪಿನ್ನು ಇನ್ನೂ ಜಾರಿರಲಿಲ್ಲ. ದುಫಿಯೆ ಗಂಡನಿಗೆ ಒಂದೇ ಪ್ರಶ್ನೆ ಕೇಳಿದಳು.

"ಆ ಲಾರಿ ನಟ್ಟು ಡಬ್ಬಿಗೆ ಬಿದ್ದದ್ದು ಯಾವಾಗ?"

"ಈಸ್ಟರ್‌ಗೆ ಮುಂಚೆ. ಪಕ್ಕದ ಶೆಡ್ಡಿನೋನು ಬಕೀಟು ತುಂಬ ಕೊಟ್ಟ."

"ಆಮೇಲೆ ಎಲ್ಲೆಲ್ಲಿ ಪೆಟ್ಟಿಗೆ ತೂಗುಹಾಕಿ ಬಿಟ್ಟುಬಂದೆ?"

ಅವನು ಉಳಿದ ಕೈಯ ಬೆರಳು ಮಡಚತೊಡಗಿದ. "ಬಂತಾಮದ ಚರ್ಚು. ಸೇತುವೆ ಹತ್ರದ ಹೋಟ್ಲು..." ಮೂರನೆಯ ಬೆರಳಿಗೆ ನಿಂತ. ಮಗಳ ಮುಖ ನೋಡಲಾರದೆ ನೆಲ ನೋಡಿದ. "ಫ್ರೇಮಾನ ಶಾಲೆ. ಸಭಾಂಗಣದಲ್ಲಿ."

"ಇವತ್ತು ಶನಿವಾರ," ಎಂದಳು ದುಫಿಯೆ. "ಶಾಲೆ ಇಲ್ಲ."

"ಚಿಕ್ಕೋರಿಗೆ ಹಾಡಿನ ಅಭ್ಯಾಸ ಇದೆ ಅಮ್ಮಾ," ಎಂದಳು ಫ್ರೇಮಾ. "ಹನ್ನೊಂದೂವರೆಗೆ."

ಹನ್ನೊಂದೂ ನಲವತ್ತಾಗಿತ್ತು. ದುಫಿಯೆ ಸಂಗೀತದ ಮೇಷ್ಟ್ರ ನಂಬರು ಒತ್ತಿದಳು. ಗಂಟೆ ಬಾರಿಸಿತು, ಮತ್ತೆ ಬಾರಿಸಿತು, ಯಾರೋ ಎತ್ತಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಮೈಕಿನಲ್ಲಿ ದೊಡ್ಡದಾಗಿ ಮೇಷ್ಟ್ರ ದನಿ ಕೇಳಿಸಿತು. ಮಾತು ಫೋನಿಗಲ್ಲ, ಮಕ್ಕಳಿಗೆ. ಸ್ಪೀಕರಿನ ಅಡಿಗೆ, ಇನ್ನೂ ಹತ್ತಿರ ಬನ್ನಿ, ಎಲ್ಲರೂ ಹತ್ತಿರ ಹತ್ತಿರ ನಿಲ್ಲಿ ಎನ್ನುತ್ತಿದ್ದರು.