ರುದ್ರವ್ವ ಬಿಟ್ಟುಕೊಡದ ಕ್ರೇಯಾನ್ ಡಬ್ಬಿ

ಮುಂಬೈಯ ಮಲಾಡ್‌ನ ಒಂದು ಚಾಳಿನಲ್ಲಿ ಬೆಳಗ್ಗೆಯೇ ಗದ್ದಲ. ರುದ್ರವ್ವನ ಪಕ್ಕದ ಖೋಲಿಯಲ್ಲಿದ್ದ ಸೇವಂತಿಯ ಮಗುವಿನ ಬಾಯೆಲ್ಲ ಕೆಂಪು. ರಕ್ತವೆಂದು ಹೆದರಿ ಓಡಿಬಂದವರಿಗೆ ಅದರ ಮುಷ್ಟಿಯಲ್ಲಿ ಕಚ್ಚಿದ ಕೆಂಪು ಕ್ರೇಯಾನ್ ಕಡ್ಡಿ ಕಂಡಿತು. ಅದು ರುದ್ರವ್ವನ ಮಗಳು ಕಾಶವ್ವನದು.

ರುದ್ರವ್ವನ ಗಂಡ ದಾನಪ್ಪ ಡಬ್ಬಿಯನ್ನೇ ಗಟಾರಕ್ಕೆ ಎಸೆಯಲು ಹೊರಟ. "ವಿಷ ತಂದು ಮನಿಯಾಗ ಇಟ್ಟೀಯಲ್ಲ. ಬಾಗಲಾ ತುಂಬ ಬ್ಯಾರೆ ಗೀಚ್ಯಾಳ. ಮಾಲಕ ಸುಮ್ನ ಬಿಡ್ತಾನೇನು?"

ರುದ್ರವ್ವ ಅಡ್ಡ ನಿಂತಳು. ಪೋಲಿಯೊ ಕಾಶವ್ವನ ಬಲಗೈಯ ಕಸುವನ್ನು ಹೀರಿತ್ತು. ಪೆನ್ಸಿಲ್ ಜಾರಿ ಬೀಳುತ್ತಿತ್ತು, ದಪ್ಪ ಕ್ರೇಯಾನ್ ಮಾತ್ರ ಬೆರಳುಗಳಲ್ಲಿ ನಿಲ್ಲುತ್ತಿತ್ತು.

"ನಾ ಕೊಡಂಗಿಲ್ಲ. ಇದನ್ನ ಒಗೀಬೇಕಂದ್ರ ಮೊದಲ ನನ್ನ ಹೊರಗ ಹಾಕ್ರಿ."

ಅಷ್ಟರಲ್ಲಿ ಉಡುಪಿ ಕಡೆಯ ವಿನೋದಿನಿ ಬಂದರು. ಅವರು ಬಾಲವಾಡಿಯ ಟೀಚರ್. ಮಗುವಿನ ತುಟಿಗೆ ಅಂಟಿದ್ದ ಚೂರು ತೆಗೆದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದರು.

"ಉಸಿರು ಸರಿ ಉಂಟು, ಕೆಮ್ಮು ಇಲ್ಲ. ಹೆದರಬೇಡಿ."

"ವಿಷ ಅಲ್ಲೇನ್ರಿ ಅದು?" ದಾನಪ್ಪ ಕೇಳಿದ.

"ಮೇಣ ಕರಗಿಸಿ ಬಣ್ಣದ ಪುಡಿ ಬೆರೆಸಿ ಮಾಡುವುದು. ಈ ಡಬ್ಬಿಯಂಥ ಒಳ್ಳೆ ಕಂಪನಿಯದ್ದಾದರೆ ಒಂದು ಚೂರು ಹೊಟ್ಟೆಗೆ ಹೋದರೂ ಹೆಚ್ಚಾಗಿ ಏನೂ ಆಗುವುದಿಲ್ಲ. ಆದ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಅಪಾಯ. ಹೆಸರಿಲ್ಲದ ಅಗ್ಗದ ಕಡ್ಡಿಯಲ್ಲಿ ಸೀಸ ಇರಬಹುದು, ಅದನ್ನು ತರಲೇಬೇಡಿ. ಬಾಗಿಲಿನ ಗೀಟು ಬಿಡಿ, ಒದ್ದೆ ಬಟ್ಟೆಗೆ ಅಡುಗೆ ಸೋಡಾಪುಡಿ ಹಾಕಿ ಮೆಲ್ಲಗೆ ತಿಕ್ಕಿದರೆ ಹೋಗ್ತದೆ."

"ಗೀಚಿದ್ರ ಬರೋದಾದ್ರೂ ಏನು?" ದಾನಪ್ಪ ಬಿಡಲಿಲ್ಲ.

"ಕೈ ಹಿಡಿತಕ್ಕ ಬರ್ತೈತಿ," ಎಂದಳು ರುದ್ರವ್ವ. ಎಲ್ಲರ ಮುಂದೆ ನೆಲದ ಮೇಲೆ ಕಾಗದ ಹಾಸಿದಳು.

ಕಾಶವ್ವ ನೀಲಿ ಕಡ್ಡಿ ಹಿಡಿದು ಲೋಕಲ್ ರೈಲುಗಾಡಿ ಬರೆಯತೊಡಗಿದಳು. ಕಡ್ಡಿ ಮುರಿಯಿತು. ಯಾರೋ ನಕ್ಕರು. ಅವಳು ತಲೆ ಎತ್ತಲಿಲ್ಲ. ಮುರಿದ ತುಂಡನ್ನೇ ಹಿಡಿದು, ಕಾಗದದ ಆ ತುದಿಯವರೆಗೂ ಗಾಡಿಯನ್ನು ಎಳೆದಳು.

ದಾನಪ್ಪ ತುಂಡು ಕಡ್ಡಿಯನ್ನು ಬಿಡದ ಮಗಳ ಬೆರಳುಗಳನ್ನು ನೋಡಿದ. ಆಮೇಲೆ ಡಬ್ಬಿಯನ್ನು ಪುಟ್ಟ ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿಟ್ಟು, "ಮಾಲಕ ಬಂದ್ರ ನಾ ಮಾತಾಡ್ತೀನಿ," ಎಂದ.

ಅಕ್ಕತಂಗಿಯರೇ, ಕೂಸುಗಳ ಬಾಯಿಂದ ಕ್ರೇಯಾನ್ ದೂರವಿಡಿ. ಬರೆಯುವ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಆದರೆ ಆ ಕೈಯಿಂದ ಅದನ್ನು ಕಸಿಯಲು ಯಾರೇ ಬರಲಿ, ನೀವೂ ಅಡ್ಡ ನಿಲ್ಲಿ.