ಮೇಲೇಳದ ಎಡಗೈ

ಬೆಳಗ್ಗೆ ಅಮ್ಮ, ಮಗಳು ಸೇರಿ ಒಗೆದ ದುಪ್ಪಟಿ ಹಿಂಡುತ್ತಿದ್ದರು. ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಹತ್ತು ವರ್ಷದ ಪುಟ್ಟಿಯ ಕೈಯಲ್ಲಿ. ಅಮ್ಮ ಬಲವಾಗಿ ತಿರುವಿದಳು. ಪುಟ್ಟಿಯ ಎಡಗೈ ಸೋತು ದುಪ್ಪಟಿ ಕೆಸರಿಗೆ ಬಿತ್ತು.

"ಮೈಯಲ್ಲಿ ಶಕ್ತಿ ಇಲ್ವೇನೇ?" ಎಂದು ಗದರಿದ ಅಮ್ಮ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಶಾಲೆಯಲ್ಲಿ ಲಸಿಕೆ ಹಾಕಿಸಿಕೊಂಡ ಆ ಕೈ ಬಾತು, ಕೀವಾಗಿ, ಆಪರೇಷನ್ ಆಗಿ ಆರು ತಿಂಗಳಾದರೂ ಹೆಗಲಿನಿಂದ ಮೇಲೇಳುತ್ತಿರಲಿಲ್ಲ.

ಡ್ಯೂಟಿಗೆ ಹೊರಟಿದ್ದ ಪಕ್ಕದ ಮನೆಯ ನರ್ಸಕ್ಕ ಇದನ್ನು ನೋಡಿ ಒಳಗೇ ಬಂದಳು.

"ಕೈ ಇನ್ನೂ ಏಳ್ತಿಲ್ಲ ಅಂತ ನನಗ್ಯಾಕೆ ಹೇಳಲಿಲ್ಲ?"

"ನೀವೇ ತಾನೇ ಅಕ್ಕ ಚುಚ್ಚಿದ್ದು. ನಿಮ್ಮ ಅನ್ನಕ್ಕೆ ಕಲ್ಲು ಹಾಕೋದು ಬೇಡ ಅಂತ…"

ನರ್ಸಕ್ಕನ ಮುಖ ಕೆಂಪಾಯಿತು. "ನನ್ನ ಅನ್ನ ಉಳಿಸೋಕೆ ಮಗು ಕೈ ಕಳ್ಕೋಬೇಕಾ? ಅರ್ಜಿ ಬರೀರಿ. ಚುಚ್ಚಿದವಳು ನಾನು ಅಂತಲೇ ಬರೀರಿ. ತಪ್ಪು ಯಾರದೂ ಅಲ್ಲದಿದ್ರೂ, ಲಸಿಕೆಯಿಂದಲೇ ಹಾನಿ ಆಗಿದೆ ಅಂತ ಗೊತ್ತಾದ್ರೆ ಸರ್ಕಾರ ಪರಿಹಾರ ಕೊಡಬೇಕು ಅಂತ ನಮ್ಮಲ್ಲಿ ಕಾನೂನಿದೆ. ಅದಕ್ಕೊಂದು ಗಡುವೂ ಇದೆ."

ಬಸ್ ಡ್ರೈವರ್ ಆಗಿದ್ದ ಅಪ್ಪ ಅರ್ಧ ಷೇವ್ ಆದ ನೊರೆಮುಖದಲ್ಲೇ ಹೊರಬಂದ. "ಆನೆ ಜೊತೆ ಇರುವೆ ಜಗಳಾನಾ? ತಾನಾಗಿ ಸರಿಹೋಗುತ್ತೆ ಅಂತ ದೊಡ್ಡ ಡಾಕ್ಟ್ರೇ ಅಂದಿದ್ದಾರೆ. ಪುಟ್ಟಿ ತಮ್ಮನಿಗೆ ಇನ್ನು ಲಸಿಕೆನೇ ಬೇಡ, ಮುಗೀತಲ್ಲ."

"ಅವನಿಗೆ ಗಂಟಲಮಾರಿ ಬಂದ್ರೆ ನಿಮ್ಮ ಸಿಟ್ಟು ಕಾಪಾಡುತ್ತಾ ಅಣ್ಣ? ಹೀಗಾಗೋದು ತೀರಾ ಅಪರೂಪ. ಅಪರೂಪ ಅಂತ ಮುಚ್ಚಿಡಬೇಕಾ? ನಿಮ್ಮ ಬಸ್ಸಲ್ಲಿ ಒಬ್ಬರಿಗೆ ಪೆಟ್ಟಾದ್ರೆ ಊರಿನ ಬಸ್ಸೆಲ್ಲ ನಿಲ್ಲಿಸ್ತೀರಾ? ಹಂಗಂತ ಪೆಟ್ಟಾದವರನ್ನ ರಸ್ತೇಲೇ ಬಿಟ್ಟು ಹೋಗ್ತೀರಾ?"

ಅಪ್ಪ ಮುಖ ಒರೆಸಿಕೊಂಡು ಟ್ರಂಕಿನಿಂದ ಲಸಿಕೆ ಕಾರ್ಡು, ಆಸ್ಪತ್ರೆ ಚೀಟಿಗಳನ್ನೆಲ್ಲ ತೆಗೆದು ಕೊಟ್ಟ.

ಅಮ್ಮ ಅರ್ಜಿ ಬರೆದು, ಅವನ್ನೆಲ್ಲ ಹಿಡಿದು ಪುಟ್ಟಿಯೊಂದಿಗೆ ಆರೋಗ್ಯ ಕಚೇರಿಗೆ ಹೋದಳು. ಗುಮಾಸ್ತ ಅರ್ಜಿಯನ್ನು ಹಿಂದಕ್ಕೆ ತಳ್ಳಿದ. "ಲಸಿಕೆಯಿಂದ ಊರೇ ಉಳಿದಿದೆ ಕಣಮ್ಮ. ಒಂದು ಕೈಗೋಸ್ಕರ ಜನರನ್ನ ಹೆದರಿಸಬೇಡಿ. ನಾಳೆ ಬನ್ನಿ."

ಓದುತ್ತಿರುವ ಅಕ್ಕತಂಗಿಯರೇ, ನಾವು ಬಾಯಿ ಮುಚ್ಚಿಕೊಂಡು ವಾಪಸು ಬರುವುದು ಈ ಮಾತಿಗೇ. ಬರಬೇಡಿ. ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ. ಹಾನಿಯಾದರೆ ಅಂದೇ ಆಸ್ಪತ್ರೆಗೆ ತಿಳಿಸಿ, ಕಾರ್ಡು ಚೀಟಿ ಜೋಪಾನ ಮಾಡಿ, ನಿಮ್ಮಲ್ಲಿ ಯಾವ ಕಾನೂನಿದೆ ಎಂದು ಉಚಿತ ಕಾನೂನು ನೆರವಿನವರನ್ನು ಕೇಳಿ. ಅರ್ಜಿ ತಲುಪಿತೆಂದು ಮೊಹರು ಹಾಕಿಸಿಕೊಳ್ಳದೆ ಕದಲಬೇಡಿ.

ಅಮ್ಮನೂ ಕದಲಲಿಲ್ಲ. ಅರ್ಜಿಯನ್ನು ಮತ್ತೆ ಗುಮಾಸ್ತನ ಮುಂದಕ್ಕೆ ತಳ್ಳಿದಳು. ಆರು ತಿಂಗಳಿಂದ ದೊಡ್ಡವರ ಮಾತು ಕೇಳಿಸಿಕೊಂಡು ಸುಮ್ಮನಿದ್ದ ಪುಟ್ಟಿ ಮುಂದೆ ಬಂದು, ಬಲಗೈಯಿಂದ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಊರಿಗೆಲ್ಲ ಒಳ್ಳೇದು ಅಂದ್ರು, ಅಳದೆ ಕೈ ಕೊಟ್ಟೆ. ಈಗ ನನ್ನ ಕೈಗೆ ಊರು ಏನು ಮಾಡುತ್ತೆ ಸಾರ್?"