ನಡೆದು ಹೋದ ಮನೆ

ಮನೆ ಎಂಬುದು ಎದ್ದು ನಡೆಯುವುದುಂಟೇ? ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನಿಂತಿತ್ತು.

ರಸ್ತೆ ಅಗಲ ಮಾಡಲು ಬಂದವರು, ಕುರ್ಚಿ ಹೆಣೆಯುವವನ ಎರಡಂತಸ್ತಿನ ಮನೆ ಕೆಡವಿ ಬೇರೆ ಮನೆ ಕೊಡುತ್ತೇವೆ ಎಂದಾಗ ಅವನ ಹೆಂಡತಿ ಸುತರಾಂ ಒಪ್ಪಿರಲಿಲ್ಲ. ಗಂಡನಿಗೆ ಕಣ್ಣು ಕಾಣದು. ಈ ಮನೆಯೊಳಗೆ ಮಾತ್ರ ಅವನು ರಾಜ. ಮೆಟ್ಟಿಲು, ಹೊಸ್ತಿಲು, ನೀರಿನ ಹೂಜಿ ಎಲ್ಲವೂ ಅವನ ಕೈಕಾಲಿಗೆ ಗೊತ್ತು. ಈ ವಯಸ್ಸಿನಲ್ಲಿ ಇನ್ನೆಲ್ಲೋ ಹೋಗಿ ಗೋಡೆ ತಡವಿಕೊಂಡು ಓಡಾಡಬೇಕೇ? ಅವಳು ಸಿಕ್ಕಸಿಕ್ಕವರ ಹತ್ತಿರ ಜಗಳವಾಡಿ, ಕೊನೆಗೆ ಮನೆ ಸರಿಸುವ ಮೇಸ್ತ್ರಿಯೊಬ್ಬನನ್ನು ಹಿಡಿದು ತಂದಿದ್ದಳು. ಇಡೀ ಮನೆಯನ್ನು ಇದ್ದಂತೆಯೇ ಹಿಂದಿನ ಬಯಲಿಗೆ ಸರಿಸುವುದೆಂದು ತೀರ್ಮಾನವಾಯಿತು.

ಮೇಸ್ತ್ರಿಯ ಆಳುಗಳು ಗೋಡೆಗಳಡಿ ಕಬ್ಬಿಣದ ತೊಲೆ ತೂರಿಸಿ, ಜಾಕ್ ಕೊಟ್ಟು ಮನೆ ಎತ್ತಿ, ಕೆಳಗೆ ಉರುಳೆ ಇಟ್ಟಿದ್ದರು. ವಾರಗಟ್ಟಲೆ ಆ ಕಿರ್‍ರ್ ಕಟಕ್ ಸದ್ದು ಕೇಳಿ ಕೇಳಿ ಕುರ್ಚಿಯವನ ಕಿವಿ ಜಡ್ಡುಗಟ್ಟಿತ್ತು.

"ಇವತ್ತಾದ್ರೂ ಹೊರಗೆ ಬನ್ರೀ," ಎಂದು ಹೆಂಡತಿ ಗೋಗರೆದಳು.

"ನನ್ನ ಮನೆ ಹೋಗೋ ಕಡೆ ನಾನೂ ಹೋಗ್ತೀನಿ. ನೀನು ಬೇಕಾದ್ರೆ ನಡ್ಕೊಂಡು ಬಾ," ಎಂದು ಅವನು ಹೆಣೆಯುತ್ತಿದ್ದ ಕುರ್ಚಿಯ ಬೆತ್ತ ಎಳೆದು ಬಿಗಿ ಮಾಡಿದ. ಇಂಥ ಮೊಂಡನನ್ನು ಕಟ್ಟಿಕೊಂಡು ಏಗಬೇಕಲ್ಲ!

"ಇರ್ಲಿ ಬಿಡಮ್ಮಾ, ಏನೂ ಆಗಲ್ಲ," ಎಂದ ಮೇಸ್ತ್ರಿ. ಇವನಿಗೇನು, ಒಳಗಿರುವುದು ಇವನ ಗಂಡನೇ?

ಮೇಸ್ತ್ರಿ ಕೈ ಬೀಸಿದ. ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ, ಮನೆಗೆ ಅಂಟಿಕೊಂಡಂತಿದ್ದ ದೀಪದ ಕಂಬಕ್ಕೂ ಗೋಡೆಗೂ ನಡುವೆ ಬೆಳಕಿನ ಗೆರೆಯೊಂದು ಮೂಡಿತು. ಗೆರೆ ಅಗಲವಾಗುತ್ತಾ ಹೋಯಿತು. ಅಬ್ಬಬ್ಬಾ! ಹೆಂಚು, ಕಿಟಕಿ, ಅವಳು ಮಹಡಿಯಿಂದ ತೆಗೆಯಲು ಮರೆತಿದ್ದ ಒಣಬಟ್ಟೆ, ಒಳಗೆ ಗಂಡ, ಎಲ್ಲ ಸಮೇತ ಮನೆ ನಡೆಯುತ್ತಿತ್ತು. ಒಂದು ಚೂರು ಗಾರೆಯೂ ಉದುರಲಿಲ್ಲ. ಎಲ್ಲಾದರೂ ಬಿರುಕು ಬಿಟ್ಟರೆ ಗತಿಯೇನು ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಅವಳು ಪಕ್ಕದಲ್ಲೇ ಹೆಜ್ಜೆ ಹಾಕಿದಳು. ಹೋಗ್ತಾ ಹೋಗ್ತಾ ಹೆದರಿಕೆಯೂ ಮರೆತುಹೋಯಿತು. ದೇವರೇ, ಮನುಷ್ಯರ ಕೈಯಲ್ಲಿ ಇಂಥದ್ದೂ ಆಗುತ್ತದೆಯೇ ಎಂದು ಮೈ ಜುಮ್ಮೆಂದಿತು.

ಸಂಜೆಯ ಹೊತ್ತಿಗೆ ಮನೆ ಹೊಸ ತಳಪಾಯದ ಮೇಲೆ ಕೂತಿತು. ಜನ ಚಪ್ಪಾಳೆ ತಟ್ಟುತ್ತಿದ್ದಂತೆ ಅವಳು ಒಳಗೆ ಓಡಿದಳು.

ಗಂಡ ಕುರ್ಚಿಯ ಬೆನ್ನು ಹೆಣೆಯುತ್ತಿದ್ದ. "ಅದೇನೇ ಗಲಾಟೆ? ಯಾವಾಗ ಹೊರಡೋದಂತೆ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಹೊರಟು, ಬಂದು ಸೇರಿದ್ದೂ ಆಯ್ತು ಕಣ್ರೀ!"

"ಕಣ್ಣಿಲ್ಲದವನ ಹತ್ರ ತಮಾಷೆನಾ?" ಎಂದು ಅವನು ಎದ್ದ. ಎಲ್ಲೂ ಎಡವದೆ ಸೀದಾ ಅಡುಗೆಮನೆಗೆ ನಡೆದು ಕಿಟಕಿಯ ಅಗುಳಿ ತೆಗೆದ. ಆ ಕಿಟಕಿಯಿಂದ ಒಂದು ಮೊಳದಾಚೆಗೆ ಪಕ್ಕದ ಮನೆಯ ಗೋಡೆ, ಮದುವೆಯಾದಾಗಿನಿಂದಲೂ ಹಾಗೇ. ಅದನ್ನು ಮುಟ್ಟಿ ಹೆಂಡತಿಯ ಸುಳ್ಳು ಹಿಡಿಯೋಣವೆಂದು ಕೈ ಚಾಚಿದ. ಸಿಗಲಿಲ್ಲ. ಭುಜದವರೆಗೂ ಚಾಚಿದ. ಬೆರಳ ಸಂದಿಯಲ್ಲಿ ಗಾಳಿ ಹಾದುಹೋಯಿತು.

"ಏನೂ ಸಿಗ್ತಿಲ್ಲ ಕಣೇ." ಅವನು ಗಾಳಿಯಲ್ಲಿ ಬೆರಳಾಡಿಸಿದ. "ಎಲ್ಲೀವರೆಗೆ ಏನೂ ಇಲ್ಲ?"

"ಬೆಟ್ಟದವರೆಗೂ ಏನೂ ಇಲ್ಲ ರೀ. ಬರೀ ಬಯಲು."

ಅವನು ಇನ್ನೊಂದು ಕೈಯನ್ನೂ ಹೊರಗೆ ಚಾಚಿದ.